ಕೋಲ್ಮನ್ ಹೆಸಿಯನ್ ಬೇಡವೆಂದ ಭಾಷಣ

ಮರೈಕೆ ಮೇಡಂ ಎದ್ದುಹೋಗಿ, ಹೊರಗಿನ ಗೇಟಿನ ಚಿಲಕ ಬಿದ್ದ ಸದ್ದು ಕೇಳಿಸಿದ ಮೇಲೂ ಕೋಲ್ಮನ್ ಹೆಸಿಯನ್ ಕೆಟಲ್ ಹಿಡಿದುಕೊಂಡು ಅಡುಗೆಮನೆಯ ನಡುವೆ ನಿಂತೇ ಇದ್ದ. ಪಕ್ಕದ ಕೋಣೆಯಲ್ಲಿ ಕಿವಿಯನ್ನು ಗೋಡೆಗೇ ಕೊಟ್ಟು ಕೂತಿದ್ದ ಹೆಂಡತಿ ನೂಲಾ ಓಡಿಬಂದಳು.

"ಏನಂದ್ರು ಪ್ರಿನ್ಸಿಪಾಲರು?"

"ಸೇಂಟ್ ಬ್ರೆಕನ್ಸ್ ಶಾಲೆಗೆ ನೂರು ವರ್ಷ ತುಂಬ್ತಲ್ಲ, ಆ ಸಮಾರಂಭದಲ್ಲಿ ಹಳೇ ವಿದ್ಯಾರ್ಥಿಗಳ ಪರವಾಗಿ ನಾನು ಮಾತಾಡ್ಬೇಕಂತೆ."

"ನೀನೇನಂದೆ?"

"ಏನಂತಾರೆ? ಬೇಡ ಅಂದೆ. ನನ್ನಂಥವನು ಏನು ಮಾತಾಡೋದು ಮೇಡಂ, ದೊಡ್ಡವರು ಯಾರನ್ನಾದ್ರೂ ಕರೀರಿ ಅಂದೆ."

"ಸರಿಯಾಗೇ ಅಂದಿದೀಯ. ಅದಕ್ಕೆ ಅವರು?"

"ಸರಿ, ಸ್ಪಷ್ಟವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಅಂದು ಕೈ ಕುಲುಕಿ ಹೋಗ್ಬಿಟ್ರು."

ನೂಲಾ ಕುರ್ಚಿ ಎಳೆದುಕೊಂಡು ಕೂತಳು. "ಎರಡನೇ ಸಲ ಕೇಳ್ಲೇ ಇಲ್ವಾ?"

"ಇಲ್ಲ."

"ಟೀ ಕೊಟ್ಯಾ?"

"ಬೇಕಾ ಅಂತ ಕೇಳ್ದೆ. ಬೇಡ ಅಂದ್ರು. ಮತ್ತೆ ಕೇಳ್ದೆ. ಆಗಲೇ ಹೇಳಿದೆನಲ್ಲ ಅಂತ ನನ್ನ ಮುಖಾನೇ ನೋಡಿದ್ರು."

ಗಂಡಹೆಂಡಿರಿಬ್ಬರೂ ಆ ಕೆಟಲನ್ನೇ ನೋಡಿದರು.

ಯಾರಿಗಾದರೂ ನಂಬಿಕೆಯಾಗುವ ಮಾತೇ ಇದು? ನಮ್ಮೂರು ಕಿಲ್‌ಕೊರನ್ನಿನಲ್ಲಿ ಮೊದಲ ಸಲ ಕೇಳಿದ್ದಕ್ಕೇ ಹೂಂ ಅನ್ನುವವನು ಹೊಟ್ಟೆಬಾಕ. ಎರಡನೆಯ ಸಲಕ್ಕೂ ಬೇಡವೆಂದೇ ಹೇಳಬೇಕು, ಆದರೆ ಸ್ವಲ್ಪ ಮೆತ್ತಗೆ. ಮೂರನೆಯ ಸಲ 'ನೀವು ಇಷ್ಟು ಒತ್ತಾಯ ಮಾಡಿದ ಮೇಲೆ' ಎಂದು ಒಪ್ಪಿಕೊಳ್ಳಬೇಕು. ಟೀಗೂ ಇದೇ, ಕೌನ್ಸಿಲ್ ಚುನಾವಣೆಗೂ ಇದೇ, ಮದುವೆಗೂ ಇದೇ. ನೂಲಾಳನ್ನೇ ಕೋಲ್ಮನ್ ಮೂರು ಸಲ ಕೇಳಿದ್ದ, ಮೂರನೆಯ ಸಲ ಕೇಳುವುದಕ್ಕೆ ಅವನು ಒಂದು ವಾರ ತಡ ಮಾಡಿದ್ದನ್ನು ಅವಳು ಈಗಲೂ ಎತ್ತಿ ಆಡುತ್ತಾಳೆ. ಬೇಡ ಎಂದರೆ ಇನ್ನೊಮ್ಮೆ ಕೇಳಿ ಎಂದರ್ಥ ಎನ್ನುವುದು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

ಮರೈಕೆ ಮೇಡಂ ಇಲ್ಲಿಯ ತೊಟ್ಟಿಲಲ್ಲಿ ಬೆಳೆದವರಲ್ಲ, ಅದೇ ಬಂತು ತೊಂದರೆ. ಹಾಲೆಂಡಿನಲ್ಲಿ ಹುಟ್ಟಿ, ಡಬ್ಲಿನ್ನಿನ ಹುಡುಗನನ್ನು ಮದುವೆಯಾಗಿ, ಅಲ್ಲೇ ಕೆಲವು ವರ್ಷ ಪಾಠ ಮಾಡಿ, ಕಳೆದ ಶರತ್ಕಾಲದಲ್ಲಿ ನಮ್ಮಲ್ಲಿಗೆ ಬಂದವರು. ಸೇಂಟ್ ಬ್ರೆಕನ್ಸಿಗೆ ಪಾದ್ರಿಯಲ್ಲದ ಮೊದಲ ಪ್ರಿನ್ಸಿಪಾಲರು, ಅದರಲ್ಲೂ ಹೆಂಗಸು. ಒಳ್ಳೆಯ ಜೀವ, ಕೆಲಸದಲ್ಲಿ ಚುರುಕು. ಆದರೆ ಬೇಡ ಎಂದರೆ ಬೇಡ, ಬೇಕು ಎಂದರೆ ಬೇಕು. ಚಳಿಗಾಲದಲ್ಲೊಮ್ಮೆ ಕಾರು ಕೆಟ್ಟಾಗ ಅವರು ಕೋಲ್ಮನ್ ಓಡಿಸುವ ಶಾಲಾ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು ಹೋಗಿದ್ದರು. ದಾರಿಯುದ್ದಕ್ಕೂ ಅವನ ಬಾಯಿಂದ ಬಂದ ಕಥೆಗಳನ್ನು ಕೇಳಿ, ಪ್ರತಿ ಸಲ ಜಡ್ಜುಗಳನ್ನೂ ಬಿಷಪ್ಪರನ್ನೂ ಕರೆಸಿ ಮಾತಾಡಿಸುವ ಬದಲು ಈ ಸಲ ಇವನನ್ನೇ ನಿಲ್ಲಿಸಬೇಕೆಂದು ನಿರ್ಧರಿಸಿದ್ದರು.

ಬೇರೆ ಯಾರಿಗಾದರೂ ಆಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಡಬಹುದಿತ್ತು. ಕೋಲ್ಮನ್ನಿಗೆ ಹಾಗಲ್ಲ. ಶಾಲೆಯ ಆ ಸಭಾಂಗಣದಲ್ಲಿ, ಆ ಊರಿನ ಮುಂದೆ, ಒಂದೇ ಒಂದು ಸಲ ನಿಂತು ಒಂದೇ ಒಂದು ಮಾತು ಹೇಳಬೇಕೆಂದು ಅವನು ಪ್ರಾಯದಿಂದಲೂ ಹೊಟ್ಟೆಯೊಳಗೆ ಕಟ್ಟಿಕೊಂಡು ತಿರುಗುತ್ತಿದ್ದ. ಅದು ನೂಲಾಳೊಬ್ಬಳಿಗೆ ಗೊತ್ತಿತ್ತು.

ಕೋಲ್ಮನ್ ಸೇಂಟ್ ಬ್ರೆಕನ್ಸಿನಲ್ಲಿ ಓದು ಮುಗಿಸಿದ ವರ್ಷ ಆ ತರಗತಿಯಿಂದ ಪಾದ್ರಿಯಾಗಲು ಹೊರಟವನು ಅವನೊಬ್ಬನೇ. ಎಪ್ಪತ್ತರ ದಶಕ ಅದು. ಮಗ ಪಾದ್ರಿಯಾಗುತ್ತಾನೆಂದರೆ ಒಂದು ಮನೆಗೆ ಅದಕ್ಕಿಂತ ದೊಡ್ಡ ಭಾಗ್ಯ ಮತ್ತೊಂದಿರಲಿಲ್ಲ. ಅವನನ್ನು ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಗೆ ಕಳಿಸಿಕೊಡಲು ಊರಿಗೆ ಊರೇ ಬಸ್ಸಿನ ಬಳಿ ಬಂದು ನಿಂತಿತ್ತು. ತಾಯಿ ಡೀಲಿಯಾ ಹೊಸ ಕೋಟು ಹೊಲಿಸಿಕೊಂಡಳು, ಭಾನುವಾರದ ಪೂಜೆಗೆ ಮೊದಲ ಸಾಲಿನಲ್ಲಿ ಕೂರತೊಡಗಿದಳು. ಕಟುಕನ ಅಂಗಡಿಯಲ್ಲಿ ಅವಳಿಗೆ ಒಳ್ಳೆಯ ತುಂಡನ್ನೇ ಆರಿಸಿ ಕೊಡುತ್ತಿದ್ದರು.

ಎರಡನೆಯ ವರ್ಷದ ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಕೋಲ್ಮನ್ ಅದೇ ಸೂಟ್‌ಕೇಸು ಹಿಡಿದು ಅದೇ ಬಸ್ಸಿನಿಂದ ಇಳಿದ. ಹೆಣ್ಣಿನ ವಿಷಯವಿಲ್ಲ, ಜಗಳವಿಲ್ಲ, ದೇವರ ಮೇಲೆ ಮುನಿಸೂ ಇಲ್ಲ. ಇದು ನನ್ನಿಂದಾಗುವ ಕೆಲಸವಲ್ಲ ಎಂದು ಗೊತ್ತಾಗಿತ್ತು, ಅಷ್ಟೇ. ಆದರೆ ಅಷ್ಟೇ ಎಂದರೆ ಯಾರು ನಂಬುತ್ತಾರೆ?

ಊರು ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ದೊಡ್ಡ ಹಿಂಸೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಎದುರಿಗೆ ಸಿಕ್ಕವರು ಹವಾಮಾನದ ಮಾತಾಡಿದರು, ಹುಲ್ಲು ಚೆನ್ನಾಗಿ ಬಂದಿದೆ ಎಂದರು, ಅವನ ಮುಖ ಬಿಟ್ಟು ಬೇರೆ ಎಲ್ಲವನ್ನೂ ನೋಡಿದರು. ಡೀಲಿಯಾ ಚರ್ಚಿನ ಹಿಂದಿನ ಸಾಲಿಗೆ, ಕಂಬದ ಮರೆಗೆ ಸರಿದುಕೊಂಡಳು. ಮನೆಗೆ ಬಂದುಹೋಗುವವರು ನಿಂತೇ ಹೋದರು. ಸಾವಾದ ಮನೆಗೆ ಜನ ಬರುತ್ತಾರೆ. ಇವರ ಮನೆಗೆ ಅದೂ ಇಲ್ಲ.

ಬಂದವರು ಒಬ್ಬರೇ, ಫಾದರ್ ಲೋರ್ಕನ್ ಡೆವಿಟ್. ಸೇಂಟ್ ಬ್ರೆಕನ್ಸಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಲವತ್ತರ ಆಸುಪಾಸಿನ ಪಾದ್ರಿ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಅಡುಗೆಮನೆಗೆ ಬಂದು, ಡೀಲಿಯಾಳ ಎದುರು ಕೂತು, "ನಿಮ್ಮ ಮಗ ಕದ್ದಿಲ್ಲ ಡೀಲಿಯಾ, ಕೊಂದಿಲ್ಲ. ಒಂದು ಬಾಗಿಲು ತೆಗೆದು ಹೊರಗೆ ಬಂದಿದಾನೆ. ಅದಕ್ಕೆ ಸೂತಕ ಹಿಡಿಯೋದು ಬೇಡ" ಎಂದರು. ಡೀಲಿಯಾ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಫಾದರ್ ಹೊರಡುವಾಗ ಕೋಲ್ಮನ್ನನ್ನು ಗೇಟಿನವರೆಗೆ ಕರೆದುಕೊಂಡು ಹೋಗಿ, "ಏನು ಬೇಕಾದ್ರೂ ಆಗು ಮಗಾ. ತಲೆ ತಗ್ಗಿಸ್ಕೊಂಡು ಮಾತ್ರ ಆಗ್ಬೇಡ" ಎಂದರು.

ಅವನು ಏನೆಲ್ಲ ಆದ ಎಂದು ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ದೂರದ ಗಾಲ್ವೇ ನಗರ ಮುಟ್ಟಿರುತ್ತದೆ. ಲಂಡನ್ನಿನಲ್ಲಿ ಕೇಬಲ್ಲಿಗೆಂದು ರಸ್ತೆ ಅಗೆದ, ಹನ್ನೊಂದು ಜನ ಐರಿಷರಿದ್ದ ಮನೆಯಲ್ಲಿ ಅಡುಗೆ ಮಾಡಲು ಬರುತ್ತಿದ್ದವನು ಇವನೊಬ್ಬನೇ ಆದ್ದರಿಂದ ಅಡುಗೆಯವನಾದ, ಆ ಅಡುಗೆಯ ಬಲದ ಮೇಲೆ ಉತ್ತರ ಸಮುದ್ರದ ಮೀನು ಹಡಗೊಂದರಲ್ಲಿ ಕೆಲಸ ಹಿಡಿದ. ಹಡಗು ಅವನಿಗೆ ಒಗ್ಗಿತು, ಸಮುದ್ರ ಒಗ್ಗಲಿಲ್ಲ. ತಾನೇ ಬೇಯಿಸಿ ತಿಂದದ್ದನ್ನೆಲ್ಲ ಕಕ್ಕುತ್ತಲೇ ಎರಡು ಚಳಿಗಾಲ ಕಳೆದ. ಆಮೇಲೆ ಮದುವೆಮನೆಗಳಿಗೆ ಹೋಗುವ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದ. ತಾಯಿ ಹಾಸಿಗೆ ಹಿಡಿದಾಗ ಊರಿಗೆ ಬಂದು ಅವಳನ್ನು ನೋಡಿಕೊಂಡ. ಪಕ್ಕದೂರಿನಲ್ಲಿ ಹೇರ್ ಸಲೂನ್ ಇಟ್ಟಿದ್ದ ನೂಲಾಳನ್ನು ಮದುವೆಯಾದ. ಅಣಬೆ ಬೆಳೆದ, ಅಣಬೆ ಕೈಕೊಟ್ಟಿತು. ಊರಿನ ಶವಸಂಸ್ಕಾರದವರ ಗಾಡಿ ಓಡಿಸಿದ. ಪಾದ್ರಿ ಪ್ರಾರ್ಥನೆ ಮರೆತಾಗ ಹಿಂದಿನಿಂದ ಮೆಲ್ಲಗೆ ಎತ್ತಿಕೊಡುವ ಡ್ರೈವರ್ ಇಡೀ ಜಿಲ್ಲೆಯಲ್ಲಿ ಬೇರೊಬ್ಬನಿರಲಿಲ್ಲ. ಹಳ್ಳಿಗಳಿಗೆ ಪುಸ್ತಕ ಒಯ್ಯುವ ಲೈಬ್ರರಿ ವ್ಯಾನಿನಲ್ಲಿ ವರ್ಷಗಟ್ಟಲೆ ತಿರುಗಿದ. ಈಗ ಸೇಂಟ್ ಬ್ರೆಕನ್ಸಿನ ಬಸ್ಸು. ಒಂದು ಕೆಲಸವನ್ನೂ ಅವನು ತಲೆ ತಗ್ಗಿಸಿಕೊಂಡು ಮಾಡಲಿಲ್ಲ.

ಆದರೂ ಊರು ಅವನನ್ನು ಕರೆಯುವುದು 'ಅರ್ಧ ಫಾದರ್' ಎಂದು. ಎದುರಿಗಲ್ಲ, ಹಿಂದಿನಿಂದ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ಆರಿಸುತ್ತಿದ್ದಾಗ ಕಪಾಟಿನ ಆಚೆಯಿಂದ ಒಮ್ಮೆ ಅವನ ಕಿವಿಗೇ ಬಿದ್ದಿತ್ತು. ಡೀಲಿಯಾ ಕೊನೆಯ ಉಸಿರಿನವರೆಗೂ ಆ ಮಾರ್ಚ್ ತಿಂಗಳ ಬಗ್ಗೆ ಒಂದು ಮಾತಾಡಲಿಲ್ಲ. ಅವನೂ ಆಡಲಿಲ್ಲ. ಒಂದೇ ಸೂರಿನಡಿ, ಒಂದೇ ಟೇಬಲ್ಲಿಗೆ ಕೂತು, ತಾಯಿಮಗ ಇಬ್ಬರೂ ಅದನ್ನು ನುಂಗಿಕೊಂಡೇ ಇದ್ದರು. ಅವಳನ್ನು ಮಣ್ಣು ಮಾಡಿದ ದಿನ ಕೋಲ್ಮನ್ ಅತ್ತದ್ದು ಸಾವಿಗಿಂತ ಅದಕ್ಕೇ ಹೆಚ್ಚು.

ಫಾದರ್ ಲೋರ್ಕನ್ ಇನ್ನೂ ಇದ್ದಾರೆ. ವಯಸ್ಸು ತೊಂಬತ್ತಕ್ಕೆ ಸಮೀಪ, ಕಣ್ಣು ಹೋಗಿದೆ, ಕಿವಿ ಮಂದ, ಊರಾಚೆಯ ನರ್ಸಿಂಗ್ ಹೋಮಿನಲ್ಲಿ ವಾಸ. ಈ ಬೇಸಿಗೆ ದಾಟಿದರೆ ಹೆಚ್ಚು ಎಂದು ನರ್ಸ್ ಹೇಳಿದ್ದಳು. ಶತಮಾನೋತ್ಸವಕ್ಕೆ ಹೇಗಾದರೂ ಕರೆದುಕೊಂಡು ಬರುತ್ತೇವೆ ಎಂದೂ ಹೇಳಿದ್ದಳು. ಅವರ ಹಾಸಿಗೆಯ ಪಕ್ಕ ಕೂತು ನಾಲ್ಕು ಮಾತು ಹೇಳಿ ಬರಬಾರದೇ ಎಂದು ಯಾರಾದರೂ ಕೇಳಬಹುದು. ಹೇಳಲೆಂದೇ ಕೋಲ್ಮನ್ ಎಷ್ಟೋ ಸಲ ಹೋಗಿದ್ದ, ಪ್ರತಿ ಸಲವೂ ಜಿಲ್ಲೆಯ ಫುಟ್‌ಬಾಲ್ ತಂಡದ ಬಗ್ಗೆ ಮಾತಾಡಿ ಎದ್ದುಬಂದಿದ್ದ. ಅಲ್ಲದೆ, ಅವಮಾನವಾದದ್ದು ಊರಿನ ಮುಂದೆ. ಅದನ್ನು ನಾಲ್ಕು ಗೋಡೆಯ ನಡುವೆ ತೊಳೆದರೆ ಹೋಗುತ್ತದೆಯೇ?

"ನಾನೇ ಫೋನ್ ಮಾಡಿ ಹೇಳ್ತೀನಿ" ಎಂದಳು ನೂಲಾ. "ನನ್ನ ಗಂಡ ದಡ್ಡ, ಅವನ ಬೇಡಾನ ನಂಬ್ಬೇಡಿ ಅಂತ."

"ಸುಮ್ನಿರೇ. ಕೇಳಿ ತಗೊಳ್ಳೋ ಮರ್ಯಾದೆ ಯಾವ ಮರ್ಯಾದೆ?"

"ಕೇಳದೆ ಕಳ್ಕೊಳ್ಳೋದು ಯಾವ ಮರ್ಯಾದೆ?"

ಕೋಲ್ಮನ್ ಕೆಟಲನ್ನು ಕಪ್ಪಿಗೆ ಬಗ್ಗಿಸಿದ. ಇದ್ದ ಟೀಯನ್ನೆಲ್ಲ ತಾನೇ ಕುಡಿದು ಬಸ್ಸು ತೊಳೆಯಲು ಹೋದ.

ಭಾನುವಾರ ಪೂಜೆ ಮುಗಿದು ಗಂಡಸರೆಲ್ಲ ಚರ್ಚಿನ ಗೇಟಿನ ಬಳಿ ಎಂದಿನಂತೆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಜಾಗ ಜಮೀನು ಹರಾಜು ಹಾಕುವ ಪಾಡ್ರಿಗ್ ಲಾಫ್ಟಸ್, ಔಷಧಿ ಅಂಗಡಿಯ ಕಾಹಲ್ ಡಿಸ್ಕಿನ್, ಇಬ್ಬರೂ ಕೋಲ್ಮನ್ನಿನ ಸಹಪಾಠಿಗಳು. ಇಬ್ಬರ ಮುಖವೂ ಹುಳ್ಳಗಾಗಿತ್ತು.

"ಆಯಮ್ಮ ನಿನ್ನನ್ನೂ ಕೇಳಿದ್ಲಂತೆ?" ಎಂದ ಲಾಫ್ಟಸ್.

"ಕೇಳಿದ್ರು. ಬೇಡ ಅಂದೆ."

"ನಾನೂ ಬೇಡ ಅಂದೆ."

"ಲಾಫ್ಟಸ್‌ಗೆ ಬೇಡ ಅನ್ನೋಕೆ ಬರುತ್ತೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು" ಎಂದು ಡಿಸ್ಕಿನ್ ಕಾಲೆಳೆದ. "ಹೆಣ ಇಳಿಸುವಾಗಲೂ ಎರಡು ಮಾತಾಡೋ ಆಸಾಮಿ ನೀನು."

"ಮರ್ಯಾದೆಗೆ ಅಂದೆ ಕಣೋ. ಇನ್ನೊಂದು ಸಲ ಕೇಳಿದ್ರೆ ಆಯಮ್ಮನ ಬಾಯಿ ನೋಯ್ತಿತ್ತಾ? ನಾನು ಭಾಷಣ ಬರ್ದೂ ಇಟ್ಟಿದ್ದೆ."

"ಕೇಳೋಕೆ ಮುಂಚೇನೇ?"

"ಕ್ರಿಸ್ಮಸ್‌ಗೆ ಮುಂಚೇನೇ." ಲಾಫ್ಟಸ್ ಡಿಸ್ಕಿನ್ನಿನತ್ತ ತಿರುಗಿದ. "ನಿನ್ನನ್ನ ಕೇಳ್ಲಿಲ್ವಾ?"

ಡಿಸ್ಕಿನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಬುಧವಾರ ಬಂದಿದ್ರು. ನನಗೆ ಅಂಗಡಿ ಬಿಟ್ಟು ಬರೋಕಾಗಲ್ಲ ಅಂದೆ."

"ಸಮಾರಂಭ ಇರೋದು ಶನಿವಾರ ಸಂಜೆ, ಆಗ ನಿನ್ನ ಅಂಗಡಿ ಮುಚ್ಚಿರುತ್ತಲ್ಲೋ."

"ಅದನ್ನ ಅವರೇ ಹೇಳ್ತಾರೆ ಅಂದ್ಕೊಂಡೆ" ಎಂದ ಡಿಸ್ಕಿನ್, ದುಃಖದಿಂದ.

ಆಮೇಲೆ ಅವನೇ ಸುದ್ದಿ ಒಡೆದ. ಈ ಊರಿನ ಹಳೆಯ ವಿದ್ಯಾರ್ಥಿಗಳಿಗೆ ಮಾತಾಡಲು ಇಷ್ಟವಿಲ್ಲ ಎಂದು ಮೇಡಂ ತೀರ್ಮಾನಿಸಿದ್ದಾರಂತೆ. ಯಾರಿಗೂ ಮುಜುಗರ ಮಾಡುವುದು ಬೇಡವೆಂದು ಭಾಷಣವನ್ನೇ ಕೈಬಿಟ್ಟು, ಶಾಲೆಯ ಚರಿತ್ರೆಯ ವಿಡಿಯೊ ಹಾಕಿಸುತ್ತಾರಂತೆ.

ಮೂವರೂ ಮತ್ತೆ ಗೋಡೆಗೆ ಬೆನ್ನು ಕೊಟ್ಟರು. ಕಿಲ್‌ಕೊರನ್ನಿನಲ್ಲಿ ಆ ವಾರ ಎಷ್ಟು ಮನೆಗಳಲ್ಲಿ ಎಷ್ಟು ಜನ ಹೀಗೆ ಮುಖ ಊದಿಸಿಕೊಂಡು ಕೂತಿದ್ದರೋ. ಆ ಹೆಂಗಸು ಒಳ್ಳೆಯ ಮನಸ್ಸಿನಿಂದ ಮನೆ ಮನೆ ಹತ್ತಿ ಇಳಿದು, ಇಡೀ ಊರಿನ ಆಸೆಗೆ ತಣ್ಣೀರೆರಚಿ ಹೋಗಿದ್ದರು.

ಮನೆಯ ಕಡೆ ನಡೆಯುತ್ತಾ ಕೋಲ್ಮನ್ನಿಗೆ ಸಿಟ್ಟು ಬಂತು. ಮೊದಲು ಮೇಡಂ ಮೇಲೆ, ಆಮೇಲೆ ಊರಿನ ಮೇಲೆ, ಮನೆ ಮುಟ್ಟುವ ಹೊತ್ತಿಗೆ ತನ್ನ ಮೇಲೇ. ಬೇಕಾದದ್ದನ್ನು ಬೇಡ ಎನ್ನುವುದು, ಹೇಳಬೇಕಾದ್ದನ್ನು ಹೇಳದಿರುವುದು, ನಮಗೆಲ್ಲ ಎರಡೂ ಒಂದೇ ರೋಗ. ತಾಯಿಯ ಎದುರು ಬಾಯಿ ಬಿಡದೆ ಅವಳನ್ನು ಕಳಿಸಿಕೊಟ್ಟದ್ದಾಯಿತು. ಈಗ ಫಾದರ್ ಲೋರ್ಕನ್ ಅವರನ್ನೂ ಹಾಗೇ ಕಳಿಸಿಕೊಡುವುದೇ? ಒಂದು ವಿಡಿಯೊ ನೋಡಿಸಿ? ಅವರಿಗೆ ಕಣ್ಣು ಬೇರೆ ಕಾಣುವುದಿಲ್ಲ.

ಸೋಮವಾರ ಬೆಳಿಗ್ಗೆ ಮಕ್ಕಳನ್ನು ಇಳಿಸಿ, ಬಸ್ಸಿನ ಬಾಗಿಲು ಹಾಕಿ, ಅವನು ನೇರ ಪ್ರಿನ್ಸಿಪಾಲರ ಕೋಣೆಗೆ ಹೋದ. ಓದುವ ಕಾಲದಲ್ಲಿ ಆ ಬಾಗಿಲನ್ನು ಎರಡೇ ಸಲ ತಟ್ಟಿದ್ದ, ಎರಡೂ ಸಲ ಏಟು ತಿನ್ನಲು. ಈ ಸಲ ತಾನಾಗೇ ತಟ್ಟಿದ.

"ಮೇಡಂ, ಆ ಭಾಷಣ ನಾನು ಮಾಡ್ತೀನಿ."

ಮರೈಕೆ ಮೇಡಂ ಪೆನ್ನು ಕೆಳಗಿಟ್ಟರು. "ನೀವು ಬೇಡ ಅಂದಿದ್ರಿ."

"ಅಂದಿದ್ದೆ. ಬೇಕು ಅಂತಾನೇ ಬೇಡ ಅಂದಿದ್ದು."

"ಇನ್ನೊಂದ್ಸಲ ಹೇಳಿ, ನಿಧಾನವಾಗಿ."

ಅವನು ನಿಧಾನವಾಗಿ ಹೇಳಿದ. ಟೀ, ಮೂರು ಸಲ ಕೇಳುವುದು, ನೂಲಾ, ಎಲ್ಲವನ್ನೂ. ಕೇಳುತ್ತಾ ಕೇಳುತ್ತಾ ಮೇಡಂ ಮುಖದ ಬಣ್ಣ ಬದಲಾಯಿತು. ಕೊನೆಗೆ ಎರಡೂ ಕೈಯಿಂದ ಹಣೆ ಹಿಡಿದುಕೊಂಡರು.

"ಅಯ್ಯೋ ದೇವರೇ. ಹಾಗಾದ್ರೆ ಬೇಡ ಅಂದ್ರು ಅಂತ ಸ್ಟಾಫ್ ರೂಮಲ್ಲಿ ನಾನು ಯಾರಿಗೂ ಕೇಕ್ ಕೊಟ್ಟೇ ಇಲ್ಲ." ಆಮೇಲೆ ಕೇಳಿದರು, "ಲಾಫ್ಟಸ್ ಅವರು? ಅವರಿಗೂ ಬೇಕಿತ್ತಾ?"

ಅಲ್ಲಿತ್ತು ಪರೀಕ್ಷೆ. ಇಲ್ಲ, ಅವನಿಗೆ ನಿಜವಾಗಿಯೂ ಬೇಡ ಎಂದುಬಿಟ್ಟರೆ ಮುಗಿಯಿತು. ಒಂದೇ ಮಾತು. ಲಾಫ್ಟಸ್ ಮಾತಿನ ಮಲ್ಲ, ಕೌನ್ಸಿಲಿನಲ್ಲಿ ಕೂತೆದ್ದವನು, ಊರೆಲ್ಲ ಅವನನ್ನೇ ಬಯಸುತ್ತದೆ. ಆ ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತದ್ದು ಕೋಲ್ಮನ್ನಿಗೆ ಗೊತ್ತಾಯಿತು. ಆದರೆ ಸುಳ್ಳು ಹೇಳಿ ಹತ್ತಿದ ವೇದಿಕೆಯ ಮೇಲೆ ತಲೆ ಎತ್ತಿ ನಿಲ್ಲುವುದು ಹೇಗೆ?

"ಅವನಿಗೂ ಬೇಕು ಮೇಡಂ" ಎಂದ. "ಡಿಸ್ಕಿನ್‌ಗೂ ಬೇಕು. ಲಾಫ್ಟಸ್ ನನಗಿಂತ ಚೆನ್ನಾಗಿ ಮಾತಾಡ್ತಾನೆ. ಇನ್ನೊಂದ್ಸಲ ಕೇಳಿದ್ರೆ ಓಡಿ ಬರ್ತಾನೆ."

"ನಿಮಗೆ ಯಾಕೆ ಬೇಕು?"

ಹೀಗೆ ಮುಖಕ್ಕೆ ಮುಖ ಕೊಟ್ಟು ಯಾಕೆ ಎಂದು ಕೇಳಿದವರು ಅವನ ಜನ್ಮದಲ್ಲಿ ಯಾರೂ ಇರಲಿಲ್ಲ. ನಮ್ಮಲ್ಲಿ ಕೇಳುವುದಿಲ್ಲ. ಅವನು ಹೇಳಿದ. "ನಾನು ಸೆಮಿನರಿ ಬಿಟ್ಟು ಬಂದವನು. ಅದನ್ನ ಈ ಊರಲ್ಲಿ ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ಆಗ ನಮ್ಮ ಮನೆಗೆ ಬಂದವರು ಫಾದರ್ ಲೋರ್ಕನ್ ಒಬ್ಬರೇ. ಅವರು ಇರುವಾಗಲೇ, ಊರಿನ ಮುಂದೆ, ಅದನ್ನ ಹೇಳ್ಬೇಕು."

"ಬಿಟ್ಟು ಬಂದ್ರಿ. ಅದರಲ್ಲಿ ತಪ್ಪೇನಿದೆ?"

ಕೋಲ್ಮನ್ ನಕ್ಕ. ನಗು ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. "ನೀವು ಈ ಊರಲ್ಲಿ ಹುಟ್ಟಬೇಕಿತ್ತು ಮೇಡಂ."

"ಬಂದು ಕೇಳಿದವರು ನೀವೊಬ್ರೇ" ಎಂದು ಮೇಡಂ ಎದ್ದು ಕೈ ಚಾಚಿದರು. "ಹಾಗಾಗಿ ಭಾಷಣ ನಿಮ್ದೇ. ಲಾಫ್ಟಸ್ ಅವರು ವಂದನಾರ್ಪಣೆ ಮಾಡ್ಲಿ. ಅವರನ್ನ ನಾನು ಮೂರು ಸಲ ಕೇಳ್ತೀನಿ."

ಶತಮಾನೋತ್ಸವ ನಡೆದದ್ದು ಮೇ ತಿಂಗಳ ಮೊದಲ ಶನಿವಾರ. ಬಿಷಪ್ಪರು ಪೂಜೆ ಅರ್ಪಿಸಿದರು, ಈಗಿನ ಹುಡುಗ ಹುಡುಗಿಯರು ಹಾಡಿದರು, ಆಮೇಲೆ ಎಲ್ಲರೂ ದೊಡ್ಡ ಹಾಲಿಗೆ ಬಂದು ಕೂತರು. ಹಿಂದಿನ ಗೋಡೆಗೆ ಉದ್ದಕ್ಕೆ ಹಾಕಿದ್ದ ಟೇಬಲ್ಲುಗಳ ಮೇಲೆ ಹ್ಯಾಮ್ ಸ್ಯಾಂಡ್‌ವಿಚ್ಚುಗಳು ಬಟ್ಟೆ ಹೊದ್ದು ಕಾಯುತ್ತಿದ್ದವು. ಫಾದರ್ ಲೋರ್ಕನ್ ಅವರ ಗಾಲಿಕುರ್ಚಿಯನ್ನು ನರ್ಸ್ ಮುಂದಿನ ಸಾಲಿನ ತುದಿಗೆ ತಂದು ನಿಲ್ಲಿಸಿದ್ದಳು. ಕಾಲ ಮೇಲೆ ಕಂಬಳಿ, ಕುತ್ತಿಗೆಗೆ ದೊಗಲೆಯಾದ ಬಿಳಿ ಕಾಲರು. ನೂಲಾ ಎರಡನೆಯ ಸಾಲಿನಲ್ಲಿದ್ದಳು. ಅಲ್ಲಿದ್ದ ಹೆಂಗಸರಲ್ಲಿ ಅರ್ಧದಷ್ಟು ಜನರ ತಲೆಗೂದಲು ಆ ದಿನ ಅವಳ ಕೈಯಲ್ಲೇ ಸಿಂಗಾರಗೊಂಡು ಬಂದಿತ್ತು.

ಕೋಲ್ಮನ್ ವೇದಿಕೆ ಹತ್ತಿದಾಗ ಹಿಂದಿನ ಸಾಲುಗಳಲ್ಲಿ ಸಣ್ಣಗೆ ಗುಸುಗುಸು ಎದ್ದಿತು. ಬಸ್ಸಿನವನು? ಅವನು ಕೈಯಲ್ಲಿ ಕಾಗದ ಹಿಡಿದಿರಲಿಲ್ಲ, ಫಾದರ್ ಕಿವಿಗೂ ಮುಟ್ಟಲೆಂದು ಮೈಕಿಗೆ ಬಾಯಿ ಹತ್ತಿರ ತಂದ.

"ನಾನು ಕೋಲ್ಮನ್ ಹೆಸಿಯನ್" ಎಂದ. "ಈ ಶಾಲೆ ನನಗೆ ಲ್ಯಾಟಿನ್ ಕಲಿಸ್ತು, ಅದು ಹೆಣ ಹೂಳೋ ಕಡೆ ಉಪಯೋಗಕ್ಕೆ ಬಂತು. ಗಣಿತ ಕಲಿಸ್ತು, ಅದು ಅಣಬೆ ಎಷ್ಟು ಕೊಳೀತು ಅಂತ ಲೆಕ್ಕ ಹಾಕೋಕೆ ಬಂತು."

ಜನ ನಕ್ಕರು. ನಗು ಅಡಗುವವರೆಗೆ ಅವನು ಕಾದ. ರಸ್ತೆ ಅಗೆದದ್ದನ್ನೂ ಹಡಗಿನ ಅಡುಗೆಯನ್ನೂ ಡ್ರಮ್ಮನ್ನೂ ಹೇಳಿದ. ಸಮುದ್ರದ ಕಥೆಗೆ ಬಿಷಪ್ಪರೂ ಹೊಟ್ಟೆ ಹಿಡಿದುಕೊಂಡರು. ಆಮೇಲೆ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟ.

"ಇವನು ಮುಖ್ಯ ವಿಷಯ ಬಿಟ್ಟ ಅಂತ ನಿಮಗೆಲ್ಲ ಗೊತ್ತು. ನಾನು ಪಾದ್ರಿಯಾಗೋಕೆ ಹೋಗಿ ವಾಪಸ್ ಬಂದೆ. ಹಿಂದಿನಿಂದ ನನ್ನನ್ನ ಏನಂತ ಕರೀತೀರಿ ಅಂತಾನೂ ಗೊತ್ತು. ತಮಾಷೆಗೆ ಅಂತೀರಿ, ನನಗೆ ಅದರ ಮೇಲೆ ಸಿಟ್ಟಿಲ್ಲ. ಆದ್ರೆ ನನ್ನಮ್ಮ ಸಾಯೋವರೆಗೂ ಚರ್ಚಿನ ಆ ಕಂಬದ ಹಿಂದೇನೇ ಕೂತಳು. ಅವಳಿಗೆ ನಾನು ಒಂದು ಮಾತು ಹೇಳ್ಬೇಕಿತ್ತು, ಹೇಳ್ಲಿಲ್ಲ. ಇವತ್ತು ಹೇಳ್ತೀನಿ. ನಾನು ಅರ್ಧ ಏನೂ ಅಲ್ಲ. ಹೋಗಿದ್ದೂ ಪೂರ್ತಿ ಮನಸ್ಸಿಂದ, ಬಂದಿದ್ದೂ ಪೂರ್ತಿ ಮನಸ್ಸಿಂದ. ಆಮೇಲೆ ಬದುಕಿದ್ದೂ ಹಾಗೇ. ನನಗೆ ಅದರಲ್ಲಿ ನಾಚಿಕೆ ಇಲ್ಲ. ಇಲ್ಲಿ ಕೂತಿರೋ ಮಕ್ಕಳಲ್ಲಿ ಯಾರಾದ್ರೂ ನಾಳೆ ಏನನ್ನಾದ್ರೂ ಬಿಟ್ಟು ಮನೆಗೆ ಬಂದ್ರೆ, ಆ ಮನೆಗೆ ಹೋಗಿ. ಹವಾಮಾನದ ಮಾತು ಆಡ್ಬೇಡಿ. ನಮ್ಮ ಮನೆಗೆ ಒಬ್ಬರು ಬಂದಿದ್ರು. ಫಾದರ್, ಅವತ್ತು ನೀವು ಬರದಿದ್ರೆ ನಾನು ಏನಾಗ್ತಿದ್ದೆನೋ ಗೊತ್ತಿಲ್ಲ. ಥ್ಯಾಂಕ್ಸ್ ಹೇಳೋಕೆ ಇಷ್ಟು ವರ್ಷ ಬೇಕಾಯ್ತು. ಕ್ಷಮಿಸಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಂಥ ಮಾತಿಗೆ ಏನು ಮಾಡಬೇಕೆಂದು ಕಿಲ್‌ಕೊರನ್ನಿಗೆ ಗೊತ್ತಿರಲಿಲ್ಲ. ಡಿಸ್ಕಿನ್ ತನ್ನ ಬೂಟುಗಳನ್ನೇ ನೋಡುತ್ತಿದ್ದ. ಲಾಫ್ಟಸ್ ವಂದನಾರ್ಪಣೆ ಮರೆತು ಮೂಗು ಒರೆಸಿಕೊಳ್ಳುತ್ತಿದ್ದ. ನೂಲಾ ಅಳುತ್ತಿದ್ದಳು, ಮುಚ್ಚಿಡದೆ.

"ಕೋಲ್ಮನ್" ಎಂದರು ಫಾದರ್ ಲೋರ್ಕನ್. ಕಿವುಡರ ದನಿ, ಇಡೀ ಹಾಲಿಗೆ ಕೇಳಿಸುವಷ್ಟು ದೊಡ್ಡದು. "ಇಲ್ಲಿ ಬಾ."

ಅವನು ಇಳಿದುಬಂದು ಗಾಲಿಕುರ್ಚಿಯ ಪಕ್ಕ ಮಂಡಿಯೂರಿದ. ಮುದುಕರ ಕೈ ಗಾಳಿಯಲ್ಲಿ ತಡಕಾಡಿ ಅವನ ಭುಜ ಹಿಡಿಯಿತು. ತಾವು ಇವನೊಬ್ಬನ ಜೊತೆ ಗುಟ್ಟಾಗಿ ಮಾತಾಡುತ್ತಿದ್ದೇವೆಂದೇ ಅವರು ತಿಳಿದಂತಿತ್ತು.

"ನಿನ್ನಮ್ಮನಿಗೆ ಸಮಾಧಾನ ಹೇಳೋಕೆ ಅವತ್ತು ನಾನು ಬರ್ಲಿಲ್ಲ ಮಗಾ. ನಿನ್ನ ಮುಖ ನೋಡೋಕೆ ಬಂದೆ. ಬಿಟ್ಟು ಬಂದವನು ಹೇಗಿರ್ತಾನೆ ಅಂತ. ಆ ವರ್ಷ ನಾನೂ ಹೊರಡೋಕೆ ನಿಂತಿದ್ದೆ."

ಬಿಷಪ್ಪರು ತಲೆ ಎತ್ತಿದರು.

"ಹೋಗ್ಲಿಲ್ಲ" ಎಂದರು ಫಾದರ್. "ನನಗೆ ಧೈರ್ಯ ಸಾಲ್ಲಿಲ್ಲ, ಅದಕ್ಕೇ ಉಳ್ಕೊಂಡೆ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ನಿನ್ನ ಹತ್ರ ಫುಟ್‌ಬಾಲ್ ಬಿಟ್ಟು ಬೇರೆ ಮಾತಾಡೋಕೆ ನನಗೂ ಭಯ ಆಗ್ತಿತ್ತು. ಇವತ್ತು ನಿನ್ನ ಮಾತು ಕೇಳ್ತಾ ಕೇಳ್ತಾ ಅನ್ನಿಸ್ತು, ಉಳಿಯೋಕೂ ಒಂದಿಷ್ಟು ಧೈರ್ಯ ಬೇಕಿತ್ತೇನೋ. ಬೇಕಿತ್ತಾ?"

ಕೋಲ್ಮನ್ ತಾನು ಸಾಲ ತೀರಿಸಲು ಬಂದವನೆಂದುಕೊಂಡಿದ್ದ. ಇಲ್ಲಿ ನೋಡಿದರೆ ತೊಂಬತ್ತರ ಮುದುಕರೊಬ್ಬರು ತನ್ನ ಉತ್ತರಕ್ಕಾಗಿ ಉಸಿರು ಹಿಡಿದು ಕೂತಿದ್ದರು. ಇಬ್ಬರೂ ಒಂದೇ ಭಾರವನ್ನು ಊರಿನ ಎರಡು ತುದಿಯಲ್ಲಿ ಕೂತು ಹೊತ್ತಿದ್ದರು. ಅವರಿಗೆ ಕೇಳಿಸಬೇಕೆಂದು, ಊರಿಗೂ ಕೇಳಿಸಬೇಕೆಂದು, ಅವನು ದನಿ ಎತ್ತಿಯೇ ಹೇಳಿದ.

"ಬೇಕಿತ್ತು ಫಾದರ್. ಬಿಟ್ಟು ಬರೋಕೆ ನನಗೆ ಬೇಕಾಗಿದ್ದಕ್ಕಿಂತ ಹೆಚ್ಚೇ ಬೇಕಿತ್ತು."

ಫಾದರ್ ಲೋರ್ಕನ್ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿಕೊಂಡರು. ಅವರ ಮುಖದಲ್ಲಿ ನೆಮ್ಮದಿಯ ನಗು ಮೂಡಿತು. ಭುಜದ ಮೇಲಿಟ್ಟ ಕೈಯನ್ನು ಮಾತ್ರ ತೆಗೆಯಲಿಲ್ಲ, ಕೋಲ್ಮನ್ನೂ ಏಳಲಿಲ್ಲ. ಆಗ ಮುಂದಿನ ಸಾಲಿನಿಂದ ಯಾರೋ ಎದ್ದು ಬಂದು ಅವರ ಕುರ್ಚಿಯ ಪಕ್ಕ ನಿಂತರು, ಆಮೇಲೆ ಇನ್ನೊಬ್ಬರು, ಆಮೇಲೆ ಸಾಲುಸಾಲಾಗಿ ಊರೇ ಎದ್ದು ಬಂದು ಇಬ್ಬರ ಕೈಯನ್ನೂ ಕುಲುಕತೊಡಗಿತು. ಒಬ್ಬರೂ ಹವಾಮಾನದ ಮಾತೆತ್ತಲಿಲ್ಲ.